ಗೋದಾವರಿಯ ದಕ್ಷಿಣಕ್ಕೆ, ರಾಜಾಜಿನಗರ

ಲೋ ಗುಂಡ,

ಫೋನ್ ಮಾಡಿದ್ರೆ ಎತ್ತಲ್ಲ, ಮೆಸೇಜಿಗೆ ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀಯ, ಅದಕ್ಕೇ ಊರಿಗೆಲ್ಲ ಕಾಣೋ ಹಾಗೆ ಬರೀತಿದೀನಿ. ಉಳಿದೋರು ಕದ್ದು ಓದ್ಕೊಳ್ಳಿ, ಬೇಜಾರಿಲ್ಲ.

ಅಪ್ಪನ ವೈದಿಕ, ಅದೇ ಶ್ರಾದ್ಧ, ಮುಗೀತು. ಎಲೆ ಮುಂದೆ ಕೂತಿದ್ದೇ ತಡ ನಮ್ಮ ಮಾವ ಶುರು ಹಚ್ಕೊಂಡ್ರು, ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಈಗಿನೋರು ಭೂಮಿಗೆ 454 ಕೋಟಿ ಅಂತಾರೆ, ನೋಡಯ್ಯಾ ಋಷಿಗಳಿಗೆ ಆಗ್ಲೇ ಗೊತ್ತಿತ್ತು ಅಂತ. ನಾನು ಬಿಡ್ತೀನಾ? ಮಾವ, ಅದು ಇಡೀ ಹಗಲಿನ ಉದ್ದ, ನಿಮ್ಮ ಪಂಚಾಂಗದ ಲೆಕ್ಕದಲ್ಲೇ ಈ ಕಲ್ಪ, ಅಂದ್ರೆ ಬ್ರಹ್ಮನ ಈಗಿನ ಹಗಲು, ಶುರುವಾಗಿ ಇನ್ನೂ 197 ಕೋಟಿ ವರ್ಷ ಚಿಲ್ಲರೆ, ಎಲ್ಲಿಂದೆಲ್ಲಿಗೆ ತಾಳೆ ಹಾಕ್ತೀರಿ ಅಂದೆ. ಅಷ್ಟಕ್ಕೇ ಬಿಡದೆ ಲೆಮೈತ್ರ್ ಅನ್ನೋ ವಿಜ್ಞಾನಿ ಕಥೆ ಬೇರೆ ಹೇಳ್ದೆ. ಬ್ರಹ್ಮಾಂಡ ಒಂದು ಆದಿಕಣದಿಂದ ಶುರುವಾಯ್ತು ಅಂತ 1931ರಲ್ಲಿ ಹೇಳಿದ್ದು ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಖುಷಿಯಾಗಿ, ವಿಜ್ಞಾನವೂ ನಮ್ಮ ಸೃಷ್ಟಿಗೇ ಸಾಕ್ಷಿ ಹೇಳ್ತಿದೆ ಅನ್ನೋ ಥರ ಭಾಷಣ ಮಾಡಿದ್ರೆ ಈ ಪಾದ್ರಿಗೇ ಇರುಸುಮುರುಸು, ನನ್ನ ಸಿದ್ಧಾಂತಕ್ಕೂ ಧರ್ಮಕ್ಕೂ ಗಂಟು ಹಾಕ್ಬೇಡಿ ಅನ್ನೋನು ಅವನು. ಮಾವ ಇನ್ನೊಂದು ವಡೆ ಹಾಕಿಸ್ಕೊಂಡ್ರು.

ನಿಜ ಹೇಳ್ಲಾ, ಅವರು ಋಗ್ವೇದದ ನಾಸದೀಯ ಸೂಕ್ತ ಎತ್ತಿದ್ರೆ ನಾನು ಬಾಯ್ಮುಚ್ಕೋತಿದ್ದೆ. ಇದೆಲ್ಲ ಎಲ್ಲಿಂದ ಬಂತೋ ಮೇಲಿರೋನಿಗೆ ಗೊತ್ತು, ಇಲ್ಲಾ ಅವನಿಗೂ ಗೊತ್ತಿಲ್ವೋ ಏನೋ ಅಂತ ಮುಗಿಯುತ್ತೆ ಅದು. ನಮ್ಮ ಸದಾಶಿವನಗರದ ರಾಮನ್ ಇನ್ಸ್ಟಿಟ್ಯೂಟಿನೋರು 2020ರಲ್ಲಿ ಶರಾವತಿ ಹಿನ್ನೀರಲ್ಲಿ ಆಂಟೆನಾ ತೇಲಿಬಿಟ್ಟು ಮೊದಲ ನಕ್ಷತ್ರಗಳ ಕಾಲದ ರೇಡಿಯೊ ಸಿಗ್ನಲ್ ಹುಡುಕಿದ್ರಲ್ಲ, ಅಮೆರಿಕದೋರು ಸಿಕ್ತು ಅಂದಿದ್ದು ಇವರಿಗೆ ಸಿಗ್ಲಿಲ್ಲ, ಸಿಗ್ಲಿಲ್ಲ ಅಂತ್ಲೇ ಬರೆದ್ರು. ಅದೂ ಅದೇ ಜಾತಿ ಮಾತು. ಫಾರ್ವರ್ಡ್ ಮಾಡೋರು ಇವೆರಡನ್ನೂ ಮುಟ್ಟಲ್ಲ.

ಆದ್ರೆ ತಲೆ ಕೊರೀತಿರೋದು ಕರ್ಮ ಶುರುಮಾಡೋಕೆ ಮುಂಚೆ ಪುರೋಹಿತರು ಹೇಳಿಸೋ ಸಂಕಲ್ಪ ಕಣೋ. ದ್ವಿತೀಯ ಪರಾರ್ಧೇ, ಶ್ವೇತವರಾಹ ಕಲ್ಪೇ ಅಂತ ಅಷ್ಟು ಮೇಲಿಂದ ಶುರುವಾಗಿ, ಮನ್ವಂತರ, ಕಲಿಯುಗ, ಜಂಬೂದ್ವೀಪ, ಗೋದಾವರಿಯ ದಕ್ಷಿಣ ತೀರ, ಸಂವತ್ಸರ, ಮಾಸ, ತಿಥಿ, ಗೋತ್ರ ಅಂತ ಇಳೀತಾ ಇಳೀತಾ ನಮ್ಮನೆ ಹಾಲಿಗೆ ಬಂದು ಅಪ್ಪನ ಹೆಸರಿನ ಮೇಲೆ ನಿಲ್ಲುತ್ತೆ. ಎಳ್ಳು ಒದ್ದೆ ಅಂಗೈಗೆ ಅಂಟ್ಕೊಂಡು ಬೀಳ್ತಾನೇ ಇರ್ಲಿಲ್ಲ, ಪುರೋಹಿತರು ಇನ್ನಷ್ಟು ನೀರು ಬಿಟ್ರು. ಬ್ರಹ್ಮಾಂಡದ 1380 ಕೋಟಿ ವರ್ಷದ ಕಥೆ ಸತ್ಯ, ಅದರಲ್ಲಿ ನಂಗೆ ಅನುಮಾನ ಇಲ್ಲ, ಅದು ನಕ್ಷತ್ರದ ಹೊಟ್ಟೆಯಿಂದ ಅಪ್ಪನ ರಕ್ತದ ಕಬ್ಬಿಣದ ತನಕ ಕ್ಲೀನಾಗಿ ಬರುತ್ತೆ, ಹೆಸರಿನ ತನಕ ಬರಲ್ಲ. ರಾತ್ರಿ ನಿದ್ದೆ ಹತ್ತದೆ ಇದ್ರೆ ಬಿಗ್ ಬ್ಯಾಂಗ್ ವಿಡಿಯೊ ನೋಡ್ತೀನಿ, ಆಮೇಲೆ ಫೋನ್ ಆಫ್ ಮಾಡಿ ಬಾಯೊಳಗೇ ಸಂಕಲ್ಪ ಹೇಳ್ಕೊತೀನಿ, ಅಪ್ಪನ ಹೆಸರು ಬರೋವರೆಗೆ ಮಾತ್ರ. ದೇವರನ್ನ ನಂಬಲ್ಲ, ಈಗ್ಲೂ ಇಲ್ಲ. ಹೆಂಡ್ತಿಗೂ ಹೇಳಿಲ್ಲ ಇದನ್ನ.

ಥೂ, ಅವಳೂ ಇಲ್ಲೇ ಓದ್ತಾಳೆ. ಮಾವನೂ ಓದ್ತಾರೆ, ಮುಂದಿನ ವರ್ಷದ ವಡೆವರೆಗೂ ಇದನ್ನೇ ಹಿಡ್ಕೊಂಡು ಆಡಿಸ್ತಾರೆ. ಸರಿ ಬಿಡು. ಶನಿವಾರ ವಿದ್ಯಾರ್ಥಿ ಭವನಕ್ಕೆ ಬಾ, ಶೆಟ್ಟರ ಸ್ಕೂಟರ್ ವಿಷಯ ಎತ್ತಲ್ಲ, ಆಣೆಗೂ. ಆ ಐನೂರು ರೂಪಾಯಿ ಮಾತ್ರ ಈ ಕಲ್ಪದೊಳಗೇ ಕೊಟ್ಬಿಡು.