ಭಾನುವಾರ ಹಿತಕಿದ ಬೇಳೆ ಸಾರು, ಎಲ್ಲರೂ ಬನ್ನಿ

ಎಲ್ಲರಿಗೂ ನಮಸ್ಕಾರ. ಈ ತಿಂಗಳ ಬೀದಿ ಊಟ ಭಾನುವಾರ, ಅದೇ ಟೆರೇಸ್ ಮೇಲೆ. ಮುದ್ದೆ, ಹಿತಕಿದ ಬೇಳೆ ಸಾರು, ಅನ್ನ, ಮಜ್ಜಿಗೆ.

ಅಡುಗೆಯವರನ್ನು ಕರೆಸೋಣ ಅಂತ ಇಬ್ಬರು ಹೇಳಿದ್ದರು. ನನ್ನ ಕೇಳಿದರೆ ಬೇಡ. ರಾತ್ರಿ ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪಟ್ ಅಂತ ಹಾರುತ್ತದೆ, ಕೆಲವು ಸಲ ಎದುರಿನವರ ಕನ್ನಡಕಕ್ಕೇ! ಒಬ್ಬರೇ ಕೂತರೆ ಅರ್ಧ ದಿನ ಬೇಕು. ಹತ್ತು ಜನ ಕೂತರೆ ಮಾತು ಮುಗಿಯುವ ಮೊದಲೇ ಪಾತ್ರೆ ತುಂಬುತ್ತದೆ. ಕಳೆದ ಸಲ ಮೂಲೆ ಮನೆಯ ಅಜ್ಜಿ ಹೀಗೇ ಕಾಳು ಹಿತಕುತ್ತಾ, ಮಂಡಿ ನೋವು, ಅಂಗಡಿಗೆ ಹೋಗೋಕೆ ಆಗ್ತಿಲ್ಲ ಅಂದರು. ಪಕ್ಕದಲ್ಲೇ ಇರುವ ನಮಗೆ ಗೊತ್ತೇ ಇರಲಿಲ್ಲ. ಈಗ ಪಿಜಿ ಹುಡುಗರು ಅವರಿಗೆ ಹಾಲು, ತರಕಾರಿ ತಂದುಕೊಡುತ್ತಾರೆ. ಬದಲಿಗೆ ಅಜ್ಜಿ ಅವರಿಗೆ ಸಾರಿನ ಪುಡಿ ಹುರಿಯುವುದನ್ನು ಕಲಿಸಿದ್ದಾರೆ. ಗುಂಪಿನಲ್ಲಿ ಸುಮ್ನೆ ಗುಡ್ ಮಾರ್ನಿಂಗ್ ಹಾಕಿಕೊಂಡಿದ್ದರೆ ಇದು ಆಗ್ತಿತ್ತಾ?

ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿ ದಿನವೂ ಸಾವಿರಾರು ಮಕ್ಕಳು ಉಣ್ಣುತ್ತಾರೆ. ನಾವು 40 ಜನ, ಹೆದರಬೇಕಾಗಿಲ್ಲ ಅಲ್ವಾ?

ಕಾಳು ಶನಿವಾರ ರಾತ್ರಿ ನಾನೇ ನೆನೆಸುತ್ತೇನೆ. ಹಿತಕೋಕೆ ಬೆಳಿಗ್ಗೆ 9ಕ್ಕೆ ಬನ್ನಿ, ಊಟ 1ಕ್ಕೆ. ಮುದ್ದೆ ತಿರುವಲು ಗಟ್ಟಿ ತೋಳಿನವರು ಇಬ್ಬರು ಬೇಕು. ಹೋದ ಸಲ ನಾನು ತಿರುವಿ ಗಂಟು ಗಂಟಾಗಿದ್ದು ಎಲ್ಲರಿಗೂ ನೆನಪಿದೆ, ಮತ್ತೆ ಹೇಳಬೇಡಿ. ತಟ್ಟೆ, ಲೋಟ ಮನೆಯಿಂದಲೇ ತನ್ನಿ. ಮೆಟ್ಟಿಲು ಹತ್ತಲಾಗದವರು ತಿಳಿಸಿ, ಡಬ್ಬಿ ಮನೆಗೇ ಬರುತ್ತದೆ. ಶುಕ್ರವಾರ ಸಂಜೆಯೊಳಗೆ ಹೆಸರು ಹಾಕಿ.