ಎಸಿ ತಂಪಾಗುತ್ತಿಲ್ವಾ? ಗ್ಯಾಸ್ ತುಂಬಿಸುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಬಿಸಿಲು ಏರಿದಂತೆ ಎಸಿ ರಿಪೇರಿಯ ಪ್ರಶ್ನೆಗಳೂ ಗುಂಪಿನಲ್ಲಿ ಜಾಸ್ತಿ ಆಗಿವೆ. ಮೊದಲು ಫಿಲ್ಟರ್ ತೆಗೆದು ನೋಡಿ. ಧೂಳು ಕಟ್ಟಿದ್ದರೆ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒಳಗಿನ ಕಾಯಿಲ್ (ತಂಪಾಗುವ ಪೈಪಿನ ಸುರುಳಿ) ಮೇಲೆ ಐಸ್ ಕಟ್ಟಿದ್ದರೆ ಕೆರೆಯಬೇಡಿ. ಕೂಲಿಂಗ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ, ತಾನೇ ಕರಗುತ್ತದೆ.

ಮುಖ್ಯವಾದದ್ದು ಎಸಿಯಲ್ಲಿ ತಂಪು ಮಾಡುವ ಗ್ಯಾಸ್ ವಿಷಯ. ಅದು ಪೆಟ್ರೋಲ್ ಥರ ಖರ್ಚಾಗುವುದಿಲ್ಲ, ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ ಅಂತ ತಾನೇ? ಸೋರಿಕೆ ಹುಡುಕಿ ಸರಿಪಡಿಸದೆ ಸುಮ್ನೆ ತುಂಬಿಸಿದರೆ ಮತ್ತೆ ಖಾಲಿ ಆಗುತ್ತದೆ. ಮೆಕ್ಯಾನಿಕ್ ಹತ್ತಿರ ಇದನ್ನು ಕೇಳಲು ಸಂಕೋಚ ಬೇಡ.

ಹೊರಗಿನ ಯೂನಿಟ್ ಮಾತ್ರ ದಯವಿಟ್ಟು ನೀವೇ ಬಿಚ್ಚಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಕರೆಂಟ್ ಕೂಡಿಡುವ ಭಾಗವಾದ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು, ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ.