ಒಂದು ರಾಜ್ಯ, ಮೂವರು ಗವರ್ನರ್‌ಗಳು

ಮಾನ್ಯ ಸಂಪಾದಕರೇ,

ಅಮೆರಿಕದ ರಾಜ್ಯಗಳ ಗವರ್ನರ್‌ಗಳು ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ ಆಡಳಿತ ನಡೆಸುವವರು. ಅಂಥ ಹುದ್ದೆಯ ಉತ್ತರಾಧಿಕಾರದ ಬಗ್ಗೆ ಸಂವಿಧಾನವು ಅಸ್ಪಷ್ಟವಾಗಿದ್ದರೆ ಏನಾಗುತ್ತದೆ ಎಂಬುದನ್ನು ಜಾರ್ಜಿಯಾ ರಾಜ್ಯ 1947ರಲ್ಲಿ ಕಂಡಿತು.

1946ರ ಚುನಾವಣೆಯಲ್ಲಿ ಗೆದ್ದ ಯೂಜೀನ್ ಟಾಲ್ಮಡ್ಜ್, ಕರಿಯರನ್ನು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಿಂದ ಹೊರಗಿಡುವ ಪದ್ಧತಿಯನ್ನು ಮರಳಿ ತರುವುದಾಗಿ ಪ್ರಚಾರ ಮಾಡಿದ್ದವರು, ಅಧಿಕಾರ ಸ್ವೀಕರಿಸುವ ಮೊದಲೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಶಾಸನಸಭೆಯು ಅವರ ಮಗ ಹರ್ಮನ್‌ರನ್ನು ಆರಿಸಿತು. ನಿರ್ಗಮಿಸಬೇಕಿದ್ದ ಗವರ್ನರ್ ಎಲಿಸ್ ಆರ್ನಲ್ ಹುದ್ದೆ ಬಿಟ್ಟುಕೊಡಲು ಒಪ್ಪಲಿಲ್ಲ. ಲೆಫ್ಟಿನೆಂಟ್ ಗವರ್ನರ್ (ಉಪ ಗವರ್ನರ್) ಆಗಿ ಚುನಾಯಿತರಾಗಿದ್ದ ಮೆಲ್ವಿನ್ ಥಾಂಪ್ಸನ್ ಅಧಿಕಾರ ತಮ್ಮದೆಂದರು. ಈ ಗದ್ದಲದಲ್ಲಿ ರಾಜ್ಯ ಕಾರ್ಯದರ್ಶಿ ಬೆನ್ ಫೋರ್ಟ್‌ಸನ್ ರಾಜ್ಯಮುದ್ರೆಯನ್ನೇ ತಮ್ಮ ಗಾಲಿಕುರ್ಚಿಯ ಮೆತ್ತೆಯ ಕೆಳಗೆ ಬಚ್ಚಿಟ್ಟರಂತೆ!

ಇದಕ್ಕಿಂತ ಗಂಭೀರವಾದದ್ದು ಮತಗಳ ಸಂಗತಿ. ಮತಪತ್ರದಲ್ಲಿ ಇಲ್ಲದ ಹೆಸರನ್ನು ಮತದಾರರೇ ಬರೆದು ಹಾಕಿದ ಮತಗಳ ಬಲದಿಂದಷ್ಟೇ ಹರ್ಮನ್ ಶಾಸನಸಭೆಯ ಪರಿಗಣನೆಗೆ ಅರ್ಹರಾಗುತ್ತಿದ್ದರು. ಟಾಲ್ಮಡ್ಜ್ ಕುಟುಂಬದ ತವರಾದ ಟೆಲ್‌ಫೇರ್ ಕೌಂಟಿಯಲ್ಲಿ ತಡವಾಗಿ ‘ಸಿಕ್ಕ’ ಅಂಥ ಮತಗಳು ಅವರಿಗೆ ಬೇಕಿದ್ದ ಮತಗಳ ಕೊರತೆಯನ್ನು ತುಂಬಿದವು. ಅವುಗಳಲ್ಲಿ ಸತ್ತವರ ಹೆಸರುಗಳಿದ್ದವೆಂದೂ, ಮತದಾರರು ಅಕಾರಾದಿಯಾಗಿ ಬಂದು ಮತ ಹಾಕಿದಂತೆ ದಾಖಲಾಗಿತ್ತೆಂದೂ ‘ಅಟ್ಲಾಂಟಾ ಜರ್ನಲ್’ ಪತ್ರಿಕೆ ಬಯಲಿಗೆಳೆಯಿತು. ಆ ವರದಿಗೆ ಪುಲಿಟ್ಜರ್ ಪ್ರಶಸ್ತಿಯೂ ಬಂತು.

ಮಾರ್ಚ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಥಾಂಪ್ಸನ್ ಪರ ತೀರ್ಪಿತ್ತಿತು. ಆದರೆ 1948ರ ವಿಶೇಷ ಚುನಾವಣೆಯಲ್ಲಿ ಗೆದ್ದವರು ಅದೇ ಹರ್ಮನ್. ನ್ಯಾಯಾಲಯವು ಉತ್ತರಾಧಿಕಾರದ ಪ್ರಶ್ನೆಯನ್ನು ಬಗೆಹರಿಸಿತೇ ಹೊರತು ಟಾಲ್ಮಡ್ಜ್ ಮನೆತನದ ರಾಜಕಾರಣವನ್ನಲ್ಲ.

— ಒಬ್ಬ ಓದುಗ, ಮೈಸೂರು